ಸ್ಕ್ರೀನ್ ಕಪ್ಪಗಿತ್ತು, ಅಷ್ಟೇ

ಮೊನ್ನೆ ಹೊಸದಾಗಿ ಸೇರಿದ ಹುಡುಗನೊಬ್ಬ ಸ್ಕ್ರೂಡ್ರೈವರ್ ಹಿಡಿದು ಒಂದು ಸಿಪಿಯು ಡಬ್ಬದ ಮುಂದೆ ಕೂತಿದ್ದ. "ಆಫ್ ಮಾಡಿದ್ಯಾ?" ಅಂತ ಕೇಳಿದೆ. "ಹೂಂ ಸಾರ್, ಸ್ಕ್ರೀನ್ ಆಫ್ ಇದೆ" ಅಂದ. ನನ್ನ ಬಲಗೈ ಉಂಗುರದ ಬೆರಳಿನ ಗೆಣ್ಣು ತಾನಾಗಿಯೇ ಜುಮ್ ಅಂತು. ಅಲ್ಲೊಂದು ಸಣ್ಣ ಬಿಳಿ ಗೆರೆ ಇದೆ. ಅದು ಬಿದ್ದಿದ್ದು ಇದೇ ಮಾತನ್ನು ನಾನು ನಂಬಿದ ದಿನ.

ಆಗ ನಾನು ಡೆಸ್ಕ್‌ಟಾಪ್ ಸಪೋರ್ಟ್‌ನಲ್ಲಿ ಎಲ್2, ಅಂದರೆ ಎರಡನೇ ಹಂತದ ಟೆಕ್ನಿಷಿಯನ್. ಇಡೀ ಫ್ಲೋರ್‌ನ ಮಷೀನ್‌ಗಳಿಗೆ ಇನ್ನೊಂದು 8 ಜಿಬಿ ರ‍್ಯಾಮ್ (ಮಷೀನ್ ಓಡುವಾಗ ತೆರೆದ ಕೆಲಸ ಹಿಡಿದಿಡುವ ಮೆಮೊರಿ) ಹಾಕುವ ಕೆಲಸ ಬಂದಿತ್ತು. ಒಂದು ಮಷೀನ್‌ಗೆ 20 ನಿಮಿಷ ಅಂತ ಶೀಟ್‌ನಲ್ಲಿ ಬರೆದುಬಿಟ್ಟಿದ್ದರು. ಆ ಶೀಟ್ ಮಾಡಿದವರು ಜೀವಮಾನದಲ್ಲಿ ಒಂದು ಸೈಡ್ ಪ್ಯಾನೆಲ್ ಬಿಚ್ಚಿರಲಿಲ್ಲ. ಮೇಜಿನ ಕೆಳಗಿಂದ ಡಬ್ಬ ಎಳೆಯುವುದಕ್ಕೇ ಐದು ನಿಮಿಷ ಬೇಕು. ಚೇಂಜ್ ರಿಕ್ವೆಸ್ಟ್ ಫಾರ್ಮ್ ಬೇರೆ ಇತ್ತು. ಅದರಲ್ಲಿ ಅಸೆಟ್ ಟ್ಯಾಗ್ ಎರಡು ಕಡೆ ತುಂಬಿಸಬೇಕು, ಆದರೆ "ಯೂಸರ್ ಫೈಲ್ ಸೇವ್ ಮಾಡಿದ್ದಾರಾ?" ಅನ್ನುವ ಸಾಲು ಎಲ್ಲೂ ಇರಲಿಲ್ಲ.

ನಾನು ಅಂಥ ಹೊಸಬನೇನೂ ಅಲ್ಲ. ಸ್ಟ್ಯಾಟಿಕ್ (ಮೈಯಲ್ಲಿ ಸೇರಿಕೊಳ್ಳುವ ಚಾರ್ಜ್) ವಿಷಯದಲ್ಲಂತೂ ಭಾರೀ ಶಿಸ್ತು. ಬಾಗಿಲ ಹಿಡಿ ಮುಟ್ಟಿದಾಗ ಚುರ್ ಅಂತ ಹೊಡೆಯುತ್ತದಲ್ಲ, ನಮ್ಮ ಚರ್ಮಕ್ಕೆ ಅದು ಗೊತ್ತಾಗಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಚಿಪ್ ಸಾಯುವುದಕ್ಕೆ ಅದರಲ್ಲಿ ಸಣ್ಣ ಪಾಲು ಸಾಕು. ಅಂದರೆ ನಮಗೆ ಏನೂ ಅನ್ನಿಸದೆಯೇ ಕೊಂದುಬಿಡಬಹುದು. ಅದಕ್ಕೇ ಆ ಚಾರ್ಜ್ ಇಳಿಸಲು ಮಣಿಕಟ್ಟಿಗೆ ಕಟ್ಟುವ ಸ್ಟ್ರಾಪ್ ಬೇಕು ಅಂತ ಮೂರು ಸಲ ಟಿಕೆಟ್ ಹಾಕಿದ್ದೆ. ಮೂರೂ ಸಲ "ಬಜೆಟ್ ಇಲ್ಲ" ಅಂತ ಕ್ಲೋಸ್ ಆಯಿತು. ಸರಿ ಅಂತ ಪ್ರತಿ ಸಲ ಪೇಂಟ್ ಇಲ್ಲದ ಬರೀ ಕಬ್ಬಿಣದ ಭಾಗ ಮುಟ್ಟಿಯೇ ಒಳಗೆ ಕೈ ಹಾಕುತ್ತಿದ್ದೆ. ರ‍್ಯಾಮ್ ಸ್ಟಿಕ್ಕನ್ನು ಅಂಚಿನಲ್ಲೇ ಹಿಡಿಯುತ್ತಿದ್ದೆ, ಚಿನ್ನದ ಬಣ್ಣದ ಪಿನ್‌ಗಳಿಗೆ ಬೆರಳು ತಾಗಿಸುತ್ತಿರಲಿಲ್ಲ. ಇಷ್ಟೆಲ್ಲ ಮಾಡುವವನು ಕರೆಂಟ್ ಇದೆಯೋ ಇಲ್ಲವೋ ಅಂತ ನೋಡಲಿಲ್ಲ.

ಅವತ್ತು ಒಂಬತ್ತನೇ ಮಷೀನ್. ಅಕೌಂಟ್ಸ್ ಮೇಡಂ ಅವರದು. ತಿಂಗಳ ಕೊನೆ, ಕ್ಲೋಸಿಂಗ್ ನಡೆಯುತ್ತಿತ್ತು. ಅವರು ಮೀಟಿಂಗ್‌ಗೆ ಹೊರಟಿದ್ದರು. "ಮೇಡಂ, ಆಫ್ ಮಾಡಿದ್ದೀರಾ?" ಅಂದೆ. "ಆಫ್ ಇದೆ ನೋಡಿ" ಅಂತ ಕೈ ತೋರಿಸಿ ಹೋದರು. ಸ್ಕ್ರೀನ್ ಕಪ್ಪಗಿತ್ತು. ಫ್ಯಾನ್ ಸದ್ದು ಇಲ್ಲ. ಮುಗೀತಲ್ಲ!

ಅದು ಸ್ಲೀಪ್‌ನಲ್ಲಿತ್ತು.

ಡಬ್ಬದ ಮುಖ ಗೋಡೆ ಕಡೆಗಿತ್ತು, ಮಿಣುಕುವ ಪವರ್ ಲೈಟ್ ನನಗೆ ಕಾಣುತ್ತಿರಲಿಲ್ಲ. ಕೆಳಗೆ ಬಗ್ಗಿ ಸ್ಪೈಕ್ ಬಸ್ಟರ್‌ನಿಂದ ಒಂದು ಕಪ್ಪು ವೈರ್ ಕಿತ್ತೆ. ಮಾನಿಟರ್‌ಗೂ ಸಿಪಿಯುಗೂ ಒಂದೇ ಥರದ ಕಪ್ಪು ವೈರ್ ಬರುತ್ತದೆ, ಅದೇ ದಪ್ಪ, ಅದೇ ಪ್ಲಗ್. ನಾನು ಕಿತ್ತಿದ್ದು ಮಾನಿಟರ್‌ದು. ಡಬ್ಬದ ಹಿಂದಿನ ತುದಿಯಿಂದ ಕಿತ್ತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ವೈರ್ ತೆಗೆದ ಮೇಲೆ ಪವರ್ ಬಟನ್ ಐದು ಹತ್ತು ಸೆಕೆಂಡ್ ಒತ್ತಿ ಹಿಡಿಯಬೇಕು, ಉಳಿದ ಚಾರ್ಜ್ ಇಳಿದುಹೋಗಲಿ ಅಂತ. ಅದು ನನಗೆ ಗೊತ್ತಿತ್ತು. ಅವತ್ತು ಬಟನ್ ಗೋಡೆ ಕಡೆಗಿತ್ತು, ಡಬ್ಬ ತಿರುಗಿಸುವುದಕ್ಕೆ ಬೇಜಾರು, ಬಿಟ್ಟೆ. ಒಂದು ಸಲ ಒತ್ತಿದ್ದರೂ ಸಾಕಿತ್ತು. ಫ್ಯಾನ್ ತಿರುಗಿ ಗುಟ್ಟು ರಟ್ಟಾಗುತ್ತಿತ್ತು.

ಪ್ಯಾನೆಲ್ ಜಾರಿಸಿದೆ. ಕಬ್ಬಿಣ ಮುಟ್ಟಿದೆ. ಒಳಗೆ ನೋಡಿದೆ. ಈ ಭಾಗ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಮದರ್‌ಬೋರ್ಡ್‌ನ ಮೂಲೆಯಲ್ಲಿ ಒಂದು ಪುಟ್ಟ ಹಸಿರು ಎಲ್‌ಇಡಿ ಉರಿಯುತ್ತಿತ್ತು. ನಾನು ಅದನ್ನು ನೋಡಿದೆ. ನೋಡಿಯೂ "ಉಳಿದ ಚಾರ್ಜ್ ಇರಬೇಕು, ಆರಿಹೋಗುತ್ತೆ" ಅಂತ ನನಗೆ ನಾನೇ ಹೇಳಿಕೊಂಡೆ. ವೈರ್ ನಿಜವಾಗಿ ಕಿತ್ತಿದ್ದರೆ ಅದು ಕೆಲವೇ ಸೆಕೆಂಡಲ್ಲಿ ಆರಬೇಕು. ಪ್ಲಗ್ ಇರುವವರೆಗೂ ಪವರ್ ಸಪ್ಲೈ 5 ವೋಲ್ಟ್ ಸ್ಟ್ಯಾಂಡ್‌ಬೈ ಕೊಡುತ್ತಲೇ ಇರುತ್ತದೆ, ಮಷೀನ್ ಶಟ್‌ಡೌನ್ ಆಗಿದ್ದರೂ. ಸ್ಲೀಪ್‌ನಲ್ಲಂತೂ ರ‍್ಯಾಮ್‌ಗೇ ಕರೆಂಟ್ ಹೋಗುತ್ತಿರುತ್ತದೆ, ಯಾಕೆಂದರೆ ತೆರೆದಿಟ್ಟ ಕೆಲಸವೆಲ್ಲ ಅದರಲ್ಲೇ ಕೂತಿರುತ್ತದೆ. ನಾನು ಕೈ ಹಾಕುತ್ತಿದ್ದದ್ದು ಸರಿಯಾಗಿ ಅಲ್ಲಿಗೇ.

ಹಳೇ ಸ್ಟಿಕ್ ಎರಡನೇ ಸ್ಲಾಟ್‌ನಲ್ಲಿತ್ತು. ಹೊಸದು ನಾಲ್ಕನೆಯದಕ್ಕೆ. ಸ್ಟಿಕ್ಕಿನ ಅಂಚಿನ ಕಚ್ಚು ಸರಿಯಾಗಿ ಹೊಂದಿಸಿ ಒತ್ತಿದೆ. ಒಂದು ತುದಿ ಕಟಕ್ ಅಂತು. ಇನ್ನೊಂದು ತುದಿ ಕೂರಲಿಲ್ಲ. ರ‍್ಯಾಮ್ ಕೂರಿಸಲು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಬಲ ಬೇಕು, ಬೋರ್ಡ್ ಸ್ವಲ್ಪ ಬಗ್ಗುವುದನ್ನು ನೋಡಿ ಎಲ್ಲರಿಗೂ ಭಯ ಆಗುತ್ತದೆ. ನಾನೂ ಒಂದು ಕ್ಷಣ ನಿಲ್ಲಿಸಿ, ಇನ್ನೊಂದು ಕೈಯನ್ನೂ ಒಳಗೆ ತಂದೆ.

ಅಷ್ಟರಲ್ಲಿ ಮೇಡಂ ವಾಪಸ್ ಬಂದರು. ನೋಟ್‌ಬುಕ್ ಮರೆತಿದ್ದರು. ಅದು ಕೀಬೋರ್ಡ್ ಕೆಳಗಿತ್ತು. ಕೀಬೋರ್ಡ್ ಎತ್ತಿದರು.

ಗುಂಯ್ ಅಂತ ಮಷೀನ್ ಎದ್ದಿತು.

ಪ್ರೊಸೆಸರ್ ಫ್ಯಾನಿನ ರೆಕ್ಕೆ ಗೆಣ್ಣಿಗೆ ಟಪ್ ಅಂತ ಬಡಿಯಿತು. ಕೈ ಎಳೆದುಕೊಳ್ಳುವಾಗ ಡಬ್ಬದ ತಗಡಿನ ಅಂಚು ಅದೇ ಜಾಗದಲ್ಲಿ ಗೀರಿತು. ಅರ್ಧ ಕೂತ ರ‍್ಯಾಮ್, ಅದಕ್ಕೆ ಪೂರ್ತಿ ಕರೆಂಟ್. ಸಣ್ಣಗೆ ಸುಟ್ಟ ವಾಸನೆ ಬಂತು. ನಾನು ಏನು ಮಾಡಬೇಕು ಅಂತ ಯೋಚಿಸಲೇ ಇಲ್ಲ, ಸ್ಪೈಕ್ ಬಸ್ಟರ್‌ನ ಸ್ವಿಚ್ಚೇ ಆಫ್ ಮಾಡಿದೆ. ಅದೇ ಸ್ಪೈಕ್ ಬಸ್ಟರ್‌ಗೆ ಪಕ್ಕದ ಮೇಜಿನ ಮಷೀನೂ ಸೇರಿತ್ತು. "ಅಯ್ಯೋ ಯಾರ್ರೀ ಅದು!" ಅಂತ ಆಚೆ ಕಡೆಯಿಂದ ಕೂಗು ಕೇಳಿಸಿತು.

ಮೇಡಂ ಕೂಗಲಿಲ್ಲ. ತಣ್ಣಗೆ ಕೇಳಿದರು: "ನನ್ನ ಶೀಟ್ ಓಪನ್ ಇತ್ತಲ್ಲ, ಅದು ಇರುತ್ತಲ್ವಾ?"

ಬೆಳಗ್ಗೆಯಿಂದ ಸೇವ್ ಮಾಡಿರಲಿಲ್ಲವಂತೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಲ್ಲಿಗಾದರೂ ನಿಲ್ಲಿಸಬೇಕಿತ್ತು. ಹೊಸ ಸ್ಟಿಕ್ ತೆಗೆದು, ಹಳೆಯದೊಂದರಲ್ಲೇ ಆನ್ ಮಾಡಿ ನೋಡಬೇಕಿತ್ತು. ಗಾಬರಿಯಲ್ಲಿ ಎರಡೂ ಇದ್ದಂತೆಯೇ ಆನ್ ಮಾಡಿದೆ. ಬರೀ ಬೀಪ್, ಡಿಸ್‌ಪ್ಲೇ ಇಲ್ಲ. ಮತ್ತೆ ಆಫ್ ಮಾಡಿ ಬೋರ್ಡ್ ಮೇಲಿನ ಸಿಆರ್2032 ಬಟನ್ ಸೆಲ್ ಕಿತ್ತು ಬಯಾಸ್ (ಮಷೀನ್ ಆನ್ ಆಗುವಾಗಿನ ಮೂಲ ಸೆಟ್ಟಿಂಗ್ಸ್) ರೀಸೆಟ್ ಮಾಡಿಬಿಟ್ಟೆ, ಅದೇನೋ ಸರ್ವರೋಗಕ್ಕೂ ಮದ್ದು ಅನ್ನುವ ಹಾಗೆ. ಆಮೇಲೆ ಬುದ್ಧಿ ಬಂದು ಹೊಸ ಸ್ಟಿಕ್ ತೆಗೆದರೆ ಮಷೀನ್ ಎದ್ದಿತು. ಆದರೆ ಸೆಟ್ಟಿಂಗ್ಸ್ ಎಲ್ಲ ಬದಲಾಗಿದ್ದರಿಂದ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತಾ ನಿಂತಿತು. 48 ಅಂಕಿ. ಆರಾರು ಅಂಕಿಯ ಎಂಟು ಗುಂಪು. ಕೀ ಇದ್ದದ್ದು ಇನ್ನೊಂದು ಟೀಮ್ ಹತ್ತಿರ, ಅವರಿಗೆ ಟಿಕೆಟ್ ಇಲ್ಲದೆ ಮಾತೇ ಇಲ್ಲ. ನನ್ನ ಟಿಕೆಟ್ಟಿಗೆ ನಾನೇ ಟಿಕೆಟ್ ಹಾಕಿದೆ. ಮುಕ್ಕಾಲು ಗಂಟೆ ಆದ ಮೇಲೆ ಒಬ್ಬರು ಫೋನ್ ಮಾಡಿ ಒಂದೊಂದೇ ಅಂಕಿ ಓದಿದರು. ಮೇಡಂ ನನ್ನ ಹಿಂದೆ ಕೈಕಟ್ಟಿ ನಿಂತು ನಾನು ಟೈಪ್ ಮಾಡುವುದನ್ನು ನೋಡುತ್ತಿದ್ದರು. ಗೆಣ್ಣಿಗೆ ಟಿಶ್ಯೂ ಸುತ್ತಿಕೊಂಡಿದ್ದೆ, ಅದು ಕೀಗಳಿಗೆ ಸಿಕ್ಕಿಕೊಳ್ಳುತ್ತಿತ್ತು.

ಶೀಟ್‌ನ ಆಟೋರಿಕವರಿ ಕಾಪಿ, ಅಂದರೆ ತಾನಾಗಿಯೇ ಸೇವ್ ಆಗಿದ್ದ ಪ್ರತಿ, ಸಿಕ್ಕಿತು. ಪೂರ್ತಿ ಅಲ್ಲ, ಹೆಚ್ಚುಕಮ್ಮಿ. ಅದು ನನ್ನ ಪುಣ್ಯ, ನನ್ನ ಜಾಣತನ ಅಲ್ಲ.

ಹೊಸ ಸ್ಟಿಕ್ ಯಾವ ಮಷೀನ್‌ನಲ್ಲೂ ಎದ್ದೇಳಲಿಲ್ಲ. ಮ್ಯಾನೇಜರ್ "ಡಿಒಎ ಅಂತ ಬರೆದು ಕಳಿಸ್ರೀ" ಅಂದರು. ಬಂದಾಗಲೇ ಸತ್ತಿತ್ತು ಅಂತ. ನಾನು ಬರೆದೆ. ಬದಲಿ ಸ್ಟಿಕ್ಕೂ ಬಂತು. ಗೆಣ್ಣಿನ ಗೆರೆಗಿಂತ ಅದೇ ಜಾಸ್ತಿ ಚುಚ್ಚುತ್ತದೆ.

ಈಗ ನನ್ನ ರೀತಿ ಬೇರೆ. ಯೂಸರ್ ಕೂತಿರುವಾಗಲೇ ಅವರ ಕೈಯಲ್ಲೇ ಫೈಲ್ ಸೇವ್ ಮಾಡಿಸುತ್ತೇನೆ. ಆಮೇಲೆ ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್. ಇಲ್ಲದಿದ್ದರೆ ಫಾಸ್ಟ್ ಸ್ಟಾರ್ಟಪ್ ಇರುವ ವಿಂಡೋಸ್ ಪೂರ್ತಿ ಆಫ್ ಆಗುವುದಿಲ್ಲ, ಅರ್ಧ ಹೈಬರ್ನೇಟ್ ಆಗಿ ಮಲಗುತ್ತದೆ. ವೈರನ್ನು ಡಬ್ಬದ ಹಿಂದಿನಿಂದ ಕಿತ್ತು, ಆ ತುದಿಯನ್ನು ಡಬ್ಬದ ಮೇಲೆ ಕಣ್ಣಿಗೆ ಕಾಣುವ ಹಾಗೆ ಇಡುತ್ತೇನೆ. ಬಟನ್ ಒತ್ತಿ ಹತ್ತು ಎಣಿಸುತ್ತೇನೆ. ಒಳಗಿನ ಎಲ್‌ಇಡಿ ಆರುವವರೆಗೂ ಕೈ ಜೇಬಲ್ಲಿ. ಕೇಬಲ್ ಬಿಚ್ಚುವ ಮೊದಲು ಫೋನಲ್ಲಿ ಒಂದು ಫೋಟೊ. ಗ್ರಾಫಿಕ್ಸ್ ಕಾರ್ಡ್ ಆದರೆ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವಾಟ್, ದೊಡ್ಡ ಕಾರ್ಡಿಗೆ ಪ್ರತ್ಯೇಕ ಪವರ್ ಕೇಬಲ್ ಸಿಕ್ಕಿಸಿದೆನಾ ಅಂತ ಎರಡು ಸಲ ನೋಡುತ್ತೇನೆ. ಪವರ್ ಸಪ್ಲೈಯ ಡಬ್ಬಿಯನ್ನಂತೂ ಬಿಚ್ಚುವುದೇ ಇಲ್ಲ, ವೈರ್ ಕಿತ್ತ ಮೇಲೂ ಅದರ ಕೆಪ್ಯಾಸಿಟರ್‌ಗಳಲ್ಲಿ ಜೋರಾಗಿ ಹೊಡೆಯುವಷ್ಟು ಚಾರ್ಜ್ ಉಳಿದಿರಬಹುದು. ಇಷ್ಟಕ್ಕೆಲ್ಲ 20 ನಿಮಿಷ ಸಾಲುವುದಿಲ್ಲ. ಶೀಟ್‌ನಲ್ಲಿ ಈಗಲೂ 20 ಅಂತಲೇ ಇದೆ.

ಸ್ಟ್ರಾಪ್ ಕೊನೆಗೂ ಬಂತು, ಒಂದೇ ಒಂದು, ಇಡೀ ಟೀಮ್‌ಗೆ.

ಮೇಡಂ ಅದೇ ಸೀಟ್‌ನಲ್ಲಿದ್ದಾರೆ. ಹೋದ ವಾರ ಎಸ್‌ಎಸ್‌ಡಿ ಹಾಕಲು ಹೋದೆ. ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ನೋಡಿದ್ದೇ ತಡ, ಕೀಬೋರ್ಡ್ ಎತ್ತಿ ಎದೆಗೆ ಅಪ್ಪಿಕೊಂಡು ಎದ್ದು ನಿಂತರು. "ಸೇವ್ ಮಾಡಿದ್ದೀನಿ. ಶಟ್‌ಡೌನ್ ಮಾಡಿದ್ದೀನಿ. ವೈರ್ ಯಾವ್ದು ಅಂತ ನಾನು ತೋರಿಸ್ಲಾ, ನಿಮಗೇ ಗೊತ್ತಾಗುತ್ತಾ?"