ಹೊಳೆದದ್ದನ್ನೆಲ್ಲ ಎಲ್ಲಿಡುತ್ತೀರಿ?

ಕಥಾ ಕಮ್ಮಟಗಳಲ್ಲಿ ನನ್ನನ್ನು ಸಾಮಾನ್ಯವಾಗಿ ಊಟದ ನಂತರದ ಗೋಷ್ಠಿಗೆ ಹಾಕುತ್ತಾರೆ. ಅರ್ಧ ಜನ ತೂಕಡಿಸುವ ಹೊತ್ತು. ಎಚ್ಚರವಿದ್ದವರಲ್ಲಿ ಒಬ್ಬರಾದರೂ ಎದ್ದು ನಿಂತು ಕೇಳುವ ಪ್ರಶ್ನೆ ಒಂದಿದೆ. ಮೊದಲೆಲ್ಲ ಅದು 'ನಿಮಗೆ ಕಥೆ ಎಲ್ಲಿಂದ ಹೊಳೆಯುತ್ತದೆ?' ಎಂದಿರುತ್ತಿತ್ತು. ಈಚೆಗೆ ಮಗ್ಗುಲು ಬದಲಿಸಿದೆ: 'ಹೊಳೆದದ್ದನ್ನೆಲ್ಲ ಎಲ್ಲಿಡುತ್ತೀರಿ? ಒಂದನ್ನು ಬರೆಯುವಾಗ ಇನ್ನೊಂದು ಬಂದರೆ ಏನು ಮಾಡುತ್ತೀರಿ?' ಹೋದ ವರ್ಷ ಒಬ್ಬ ಹುಡುಗ ಮೊಬೈಲ್ ತೆರೆದು ತನ್ನ ಪಟ್ಟಿಯನ್ನೇ ತೋರಿಸಿದ. ನಲವತ್ತು ಕಥೆಗಳ ಎಳೆಗಳು. ಹೆಚ್ಚಿನವಕ್ಕೆ ಶೀರ್ಷಿಕೆ ಇತ್ತು, ಎರಡಕ್ಕೆ ಅರ್ಪಣೆಯೂ ಸಿದ್ಧವಿತ್ತು. ಬರೆದು ಮುಗಿಸಿದ ಕಥೆ ಒಂದೂ ಇರಲಿಲ್ಲ.

"ಮೇಡಂ, ಇದರಲ್ಲಿ ಯಾವುದನ್ನು ಮೊದಲು ಬರೆಯಲಿ?"

'ಮನಸ್ಸಿಗೆ ಹತ್ತಿರವಾದದ್ದನ್ನು ಬರೆಯಪ್ಪ' ಎಂದು ಹೇಳಿ ಚಹಾಕ್ಕೆ ಎದ್ದುಬಿಟ್ಟೆ. ಅದು ಉತ್ತರವಲ್ಲ, ಜಾರಿಕೊಳ್ಳುವ ಉಪಾಯ. ಅವನಿಗೆ ಹೇಳಬೇಕಾಗಿದ್ದದ್ದನ್ನು ಇಲ್ಲಿ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ನಾನು ಬ್ಯಾಂಕಿನ ನಗದು ಕೌಂಟರಿನಲ್ಲಿ ಬಹಳ ವರ್ಷ ಕೂತವಳು. ನೋಟು ಎಣಿಸುವಾಗ ಏನಾದರೂ ಹೊಳೆದರೆ ಎದುರಿಗಿದ್ದ ಚಲನ್ನಿನ ಹಿಂಬದಿಯಲ್ಲಿ ಗೀಚಿ ಕೈಚೀಲಕ್ಕೆ ತುರುಕುತ್ತಿದ್ದೆ. ಸಂಜೆ ಮನೆಗೆ ಬಂದು ಅವನ್ನೆಲ್ಲ ಬಿಸ್ಕತ್ತಿನ ಡಬ್ಬಿಗೆ ಹಾಕುವುದು. ಡಬ್ಬಿ ತುಂಬಿದಷ್ಟೂ ಬೀಗುತ್ತಿದ್ದೆ. ಒಂದು ಆಷಾಢದಲ್ಲಿ ಮಳೆ ಹಿಡಿದು ಕರೆಂಟು ಹೋದಾಗ, ಬರೆಯಲು ಒಂದು ಎಳೆ ಆರಿಸೋಣವೆಂದು ಡಬ್ಬಿ ಸುರಿದುಕೊಂಡು ಕೂತೆ. ಮೊದಲು ಕೈಗೆ ಬಂದ ಚೀಟಿಯಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿತ್ತು: 'ನೀಲಿ ಬಕೆಟ್. ಅತ್ತಿಗೆ. ಮಂಗಳವಾರ.' ಕೆಳಗೆ ಎರಡು ಗೆರೆ ಎಳೆದಿದ್ದೆ. ಅಷ್ಟು ಮುಖ್ಯವಾದದ್ದು! ಆ ಬಕೆಟ್ಟಿಗೂ ಅತ್ತಿಗೆಗೂ ಏನು ಸಂಬಂಧ, ಯಾರ ಅತ್ತಿಗೆ, ಮಂಗಳವಾರ ಏನಾಯಿತು, ಇಂದಿಗೂ ನನಗೆ ಗೊತ್ತಿಲ್ಲ. ಮುಂದಿನ ಚೀಟಿಗಳೂ ಹೆಚ್ಚುಕಡಿಮೆ ಹಾಗೆಯೇ. 'ಜಾತ್ರೆಯಲ್ಲಿ ಕಳೆದುಹೋದ ಚಪ್ಪಲಿ - ಅದ್ಭುತ.' ಅದ್ಭುತ ಏನಿತ್ತು ತಾಯಿ ಎಂದು ನನ್ನನ್ನೇ ಕೇಳಿಕೊಂಡೆ.

ಆ ಚೀಟಿಗಳ ದೋಷ ನನಗೆ ತಿಳಿದದ್ದು ಟೆಲಿಗ್ರಾಂನಿಂದ, ಅಂದರೆ ಹಿಂದಿನ ಕಾಲದ ತಂತಿ ಸಂದೇಶದಿಂದ. ತಂತಿ ಕಳುಹಿಸುವವರು ಪದ ಎಣಿಸಿ ಹಣ ಕೊಡಬೇಕಿತ್ತು. ಹಾಗಾಗಿ ಜನ ಎಲ್ಲವನ್ನೂ ಕತ್ತರಿಸುತ್ತಿದ್ದರು. ಮದುವೆಯ ಶುಭಾಶಯಕ್ಕಂತೂ ಇಲಾಖೆಯೇ ವಾಕ್ಯಗಳನ್ನು ಸಿದ್ಧಮಾಡಿ ಸಂಖ್ಯೆ ಕೊಟ್ಟಿತ್ತು, ಫಾರಂನಲ್ಲಿ ಸಂಖ್ಯೆ ಬರೆದರೆ ಸಾಕಿತ್ತು. ಆದರೆ 'ಮದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ' ಎಂಬ ಆ ಹೆಸರಾಂತ ನಾಲ್ಕು ಪದಗಳನ್ನು ನೋಡಿ. ಎಷ್ಟೇ ಬಡವನಾದರೂ 'ಹೊರಡು' ಎಂಬ ಪದವನ್ನು ಕತ್ತರಿಸಿ ದುಡ್ಡು ಉಳಿಸಲಿಲ್ಲ. ನನ್ನ ಚೀಟಿಗಳಲ್ಲಿ ಇಲ್ಲದ್ದು ಅದೇ. ಬರೀ ನಾಮಪದಗಳು, ಕ್ರಿಯಾಪದವಿಲ್ಲ. ಬಕೆಟ್ ಏನು ಮಾಡಿತು, ಅತ್ತಿಗೆ ಏನು ಮಾಡಿದಳು? 'ಅತ್ತಿಗೆ ನೀಲಿ ಬಕೆಟ್ಟನ್ನು ಬಾವಿಗೆ ಎಸೆದಳು' ಎಂದಿದ್ದರೆ ಮೂರು ವರ್ಷದ ನಂತರವೂ ನಾನು ಆ ಬಾವಿಕಟ್ಟೆಯ ಬಳಿ ಹೋಗಿ ನಿಲ್ಲಬಹುದಿತ್ತು. ಅಂದಿನಿಂದ ಕ್ರಿಯಾಪದವಿಲ್ಲದೆ ಏನನ್ನೂ ಟಿಪ್ಪಣಿ ಮಾಡುವುದಿಲ್ಲ.

ತಂತಿಯ ಮಾತು ಬಂದದ್ದಕ್ಕೆ ಇನ್ನೊಂದು ಕಾರಣವಿದೆ. 2013ರ ಜುಲೈ 14ರ ರಾತ್ರಿ ದೇಶದ ತಂತಿ ಸೇವೆ ನಿಂತಿತು. 160 ವರ್ಷಗಳಿಗೂ ಮೇಲ್ಪಟ್ಟ ವ್ಯವಸ್ಥೆ. ಕಡೆಯ ದಿನ ನೆನಪಿಗೆಂದು ತಮಗೆ ತಾವೇ ತಂತಿ ಕಳುಹಿಸಿಕೊಳ್ಳಲು ಜನ ಸಾಲು ನಿಂತಿದ್ದರು. ಪತ್ರಿಕೆಯಲ್ಲಿ ಅದನ್ನು ಓದುತ್ತಲೇ ನನಗೆ 'ಕೊನೆಯ ತಂತಿ' ಎಂಬ ಕಥೆ ಹೊಳೆಯಿತು. ಅದೇ ಬೆಳಿಗ್ಗೆ ಇನ್ನೆಷ್ಟು ಮಂದಿಗೆ ಹೊಳೆದಿತ್ತೋ! ನಿವೃತ್ತಿಯ ಅಂಚಿನಲ್ಲಿರುವ ನೌಕರ, ಕಡೆಯ ಸಂದೇಶ, ತಲುಪಬೇಕಾದವರು ಊರು ಬಿಟ್ಟು ಹೋಗಿದ್ದಾರೆ. ನೀವೂ ಇಷ್ಟನ್ನು ಎರಡು ನಿಮಿಷದಲ್ಲಿ ಕಟ್ಟಬಲ್ಲಿರಿ. ಎರಡು ಸಲ ಬರೆಯಲು ಕೂತೆ. ಎರಡು ಸಲವೂ ಅದು ಸುದ್ದಿಪತ್ರಿಕೆಯ ಭಾನುವಾರದ ಪುರವಣಿಯ ಲೇಖನದಂತೆ ಮುಗಿಯಿತು.

ಆ ಎಳೆಯನ್ನು ಬದುಕಿಸಿದ್ದು ಬೇರೆಯೇ ಒಂದು ನೋಟುಪುಸ್ತಕದಲ್ಲಿ, ಬೇರೆಯೇ ಕಾರಣಕ್ಕೆ, ಬಹಳ ಹಿಂದೆ ಬರೆದಿಟ್ಟಿದ್ದ ಒಂದು ಸಾಲು. ನಮ್ಮ ಅಜ್ಜಿಯ ಕಾಲದಲ್ಲಿ ಹಳ್ಳಿಯ ಮನೆಗೆ ತಂತಿ ಬಂದರೆ ಅದು ಹೆಚ್ಚಾಗಿ ಸಾವಿನ ಸುದ್ದಿಯೇ. ಇಂಗ್ಲಿಷಿನಲ್ಲಿರುವುದರಿಂದ ಮನೆಯಲ್ಲಿ ಯಾರಿಗೂ ಓದಲು ಬಾರದು, ತಂದವನೇ ಓದಿ ಹೇಳಬೇಕು. ಪೇಟೆಯಿಂದ ಸೈಕಲ್ ತುಳಿದು ಬಂದವನನ್ನು ಅಜ್ಜಿ ಜಗಲಿಯಲ್ಲಿ ಕೂರಿಸಿ, ಲಕೋಟೆ ಒಡೆಯಲು ಬಿಡದೆ, ಮೊದಲು ಮಜ್ಜಿಗೆ ತಂದುಕೊಡುತ್ತಿದ್ದರಂತೆ. 'ಆಸರಿಗೆ ಕುಡಿ, ಆಮೇಲೆ ಓದುವಿಯಂತೆ.' ಅವನು ಲೋಟ ಕೆಳಗಿಡುವ ತನಕ ಯಾರೂ ಸತ್ತಿರುತ್ತಿರಲಿಲ್ಲ. ನನ್ನ ಅಮ್ಮ ಇದನ್ನು ಹೇಳಿದ್ದು ಯಾವುದೋ ಮದುವೆಯ ಮನೆಯಲ್ಲಿ, ಬೇರೇನೋ ಮಾತಿನ ನಡುವೆ. ಅಂದು ರಾತ್ರಿಯೇ ಬರೆದಿಡದಿದ್ದರೆ ಹೋಗಿಬಿಡುತ್ತಿತ್ತು. ಅಮ್ಮನಿಗೆ ಈಗ ಅದನ್ನು ಹೇಳಿದ ನೆನಪೂ ಇಲ್ಲ.

ನನ್ನ ಉತ್ತರದ ತಿರುಳು ಇಷ್ಟೇ. ಎಳೆಯನ್ನು ಕಾಪಾಡಲು ನಾವು ಪಡುವ ಪಾಡು ಅನವಶ್ಯಕ. 'ಕೊನೆಯ ತಂತಿ' ಎಂಬ ಎಳೆಯನ್ನು ನಾನು ಮರೆತಿದ್ದರೂ ಅದು ಮತ್ತೆ ಬರುತ್ತಿತ್ತು, ಅಥವಾ ಅದರ ಜಾತಿಯದೇ ಇನ್ನೊಂದು ಬರುತ್ತಿತ್ತು. ಮಜ್ಜಿಗೆಯ ಲೋಟ ಮತ್ತೆ ಬರುತ್ತಿರಲಿಲ್ಲ. ಯಾರೋ ಹೇಗೋ ಆಡಿದ ಮಾತು ಅದೇ ಪದಗಳಲ್ಲಿ, ಯಾವುದೋ ಕೆಲಸವನ್ನು ಕೈ ಮಾಡುವ ಬಗೆ, ಸಾಲ ಕೇಳಲು ಬಂದವನು ಮೊದಲು ಮಳೆಯ ವಿಚಾರ ಎಷ್ಟು ಹೊತ್ತು ಮಾತಾಡುತ್ತಾನೆ ಎಂಬುದು - ಇವನ್ನು ತಲೆಯೊಳಗೆ ಕೂತು ಹುಟ್ಟಿಸಲು ಆಗುವುದಿಲ್ಲ. ನೋಟುಪುಸ್ತಕ ಇರಬೇಕಾದದ್ದು ಇವಕ್ಕೆ. ರಷ್ಯಾದ ಕಥೆಗಾರ ಚೆಕಾಫ್ ಬದುಕಿನ ಕಡೆಯ ಹತ್ತು ಹನ್ನೆರಡು ವರ್ಷ ಇಟ್ಟುಕೊಂಡಿದ್ದ ಟಿಪ್ಪಣಿ ಪುಸ್ತಕಗಳು ಅವನು 1904ರಲ್ಲಿ ತೀರಿಕೊಂಡ ಮೇಲೆ ಪ್ರಕಟವಾದವು. ಮಹಾ ಯೋಜನೆಗಳು ಸಿಕ್ಕಾವು ಎಂದು ಓದಲು ಹೋದರೆ ಸಿಗುವುದು ಬಹುಮಟ್ಟಿಗೆ ಚೂರುಗಳು: ವಿಚಿತ್ರ ಅಡ್ಡಹೆಸರುಗಳು, ಕೇಳಿಸಿಕೊಂಡ ಮಾತು, ಒಂದೆರಡು ಸಾಲಿನ ಸಂದರ್ಭ. ಎಷ್ಟೋ ಚೂರುಗಳನ್ನು ಅವನು ಎಲ್ಲಿಯೂ ಬಳಸಲೇ ಇಲ್ಲ.

ನನ್ನ ವಾದಕ್ಕೆ ಅಡ್ಡ ಬರುವ ಒಬ್ಬನಿದ್ದಾನೆ, ಅವನನ್ನು ಮುಚ್ಚಿಡುವುದು ಸರಿಯಲ್ಲ. 1893ರ ಕ್ರಿಸ್ಮಸ್ ಸಮಯದಲ್ಲಿ ಒಂದು ರಾತ್ರಿ ಕಾದಂಬರಿಕಾರ ಹೆನ್ರಿ ಜೇಮ್ಸ್ ಲಂಡನ್ನಿನಲ್ಲಿ ಒಂದು ಊಟಕ್ಕೆ ಹೋಗಿದ್ದ. ಪಕ್ಕದ ಮಹಿಳೆ ಮಾತಿನ ನಡುವೆ ಒಂದು ಜಗಳದ ಕಥೆ ಹೇಳಿದಳು: ಮನೆಯ ಬೆಲೆಬಾಳುವ ಪೀಠೋಪಕರಣಗಳಿಗಾಗಿ ತಾಯಿಗೂ ಮಗನಿಗೂ ವ್ಯಾಜ್ಯ. ಅವನಿಗೆ ಬೇಕಾದದ್ದು ಮೊದಲ ಹತ್ತು ಪದಗಳಲ್ಲೇ ಸಿಕ್ಕಿಬಿಟ್ಟಿತಂತೆ. ಆಕೆ ವಿವರಕ್ಕಿಳಿದಂತೆ, ನಿಜ ಜೀವನ ಆ ಒಳ್ಳೆಯ ಬೀಜವನ್ನು ಹೇಗೆ ಕೆಡಿಸುತ್ತದೆ ಎಂದು ಅವನಿಗೆ ಕಸಿವಿಸಿ. ಆ ಬೀಜ ಮುಂದೆ ಕಾದಂಬರಿಯಾಯಿತು. ಅವನಿಗೆ ಎಳೆ ಸಾಕು, ವಿವರ ಕೇಡು. ನಾನು ಹಾಗಲ್ಲ. ನಿಮ್ಮಲ್ಲಿ ಯಾರಾದರೂ ಜೇಮ್ಸನ ಜಾತಿಯವರಿದ್ದರೆ ಹಿಂದಿನ ಪ್ಯಾರಾವನ್ನು ಮರೆತುಬಿಡಿ. ಆದರೆ ಅವನೂ ನೋಟುಪುಸ್ತಕದಲ್ಲಿ ಎಳೆಯೆಂದು ಬರೆದಿಟ್ಟದ್ದು ಊಟದ ಮೇಜಿನಲ್ಲಿ ಕೇಳಿದ ಆ ಜಗಳವನ್ನು. 'ಮಾನವ ಸಂಬಂಧಗಳ ಸಂಕೀರ್ಣತೆ' ಎಂದು ಬರೆದಿಡಲಿಲ್ಲ. ಹುಡುಗನ ನಲವತ್ತರಲ್ಲಿ ಅಂಥವು ಆರಾದರೂ ಇದ್ದವು.

ಇನ್ನು ಪ್ರಶ್ನೆಯ ಎರಡನೆಯ ಭಾಗ. ಬರೆಯುವಾಗ ಹೊಸದೊಂದು ಬಂದರೆ?

ಅದು ಬರುವ ಸಮಯವನ್ನು ಗಮನಿಸಿ. ಮೊದಲ ಪುಟದಲ್ಲಿ ಅದು ನನಗೆ ಎಂದೂ ಬಂದದ್ದಿಲ್ಲ. ಆರನೆಯದೋ ಏಳನೆಯದೋ ಪುಟ, ಪಾತ್ರವೊಂದನ್ನು ಅಡುಗೆಮನೆಯಿಂದ ಜಗಲಿಗೆ ತರಬೇಕು, ಮೂರು ದಿನವಾದರೂ ಅವಳು ಒಲೆಯ ಮುಂದಿನಿಂದ ಏಳುತ್ತಿಲ್ಲ. ಆಗ ಬರುತ್ತದೆ ಹೊಸ ಕಥೆ, ನೆಂಟರ ಮನೆಯ ಮಗುವಿನ ಹಾಗೆ. ಎಷ್ಟು ಮುದ್ದು, ಎಷ್ಟು ಜಾಣ! ಅದು ರಾತ್ರಿಯಿಡೀ ಅಳುವುದನ್ನು ನಾವು ಕಂಡಿರುವುದಿಲ್ಲ, ಅಷ್ಟೇ. ಹಳೆಯದನ್ನು ಬಿಟ್ಟು ಅದರ ಬೆನ್ನು ಹತ್ತಿದರೆ ಅದರದೂ ಏಳನೆಯ ಪುಟ ಬರುತ್ತದೆ. ಹುಡುಗನ ಪಟ್ಟಿ ನಲವತ್ತಕ್ಕೆ ಬೆಳೆದದ್ದು ಹೀಗೇ ಇರಬೇಕು.

ಹಾಗೆಂದು ಅದನ್ನು ಗದರಿಸಿ ಕಳುಹಿಸಿದರೆ ತಲೆಯೊಳಗೇ ಕೂತು ಕೊರೆಯುತ್ತದೆ. ನಾನು ಒಂದು ಚೀಟಿಯಲ್ಲಿ ಮೂರು ಸಾಲು ಬರೆಯುತ್ತೇನೆ: ಯಾರು, ಏನು ಮಾಡಹೊರಟಿದ್ದಾರೆ, ನನ್ನನ್ನು ಸೆಳೆದ ಚೂರು ಯಾವುದು. ಕೆಳಗೆ, ಇದನ್ನು ಯಾವಾಗ ಮತ್ತೆ ತೆರೆಯುತ್ತೇನೆ ಎಂಬುದು. 'ಎಂದಾದರೂ' ಎಂದಲ್ಲ, 'ಈಗಿನ ಕಥೆ ಮುಗಿದ ಮರುದಿನ ಬೆಳಿಗ್ಗೆ' ಎಂದು. ಅಭ್ಯಾಸದಿಂದ ಕಲಿತ ಈ ಕಡೆಯ ಸಾಲಿಗೆ ಆಧಾರವೂ ಇದೆ ಎಂದು ಆಮೇಲೆ ತಿಳಿಯಿತು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪೂರೈಸದ ಕೆಲಸ ನಡುನಡುವೆ ಮನಸ್ಸಿಗೆ ಬಂದು ಕಾಡುವುದು ಆ ಕೆಲಸಕ್ಕೆ ಖಚಿತವಾದ ಯೋಜನೆ ಮಾಡಿಕೊಂಡವರಲ್ಲಿ ಇಳಿದಿತ್ತು. ಕೆಲಸ ಮುಗಿಯಬೇಕೆಂದೇ ಇಲ್ಲ, ಅದಕ್ಕೊಂದು ಗಳಿಗೆ ಗೊತ್ತಾದರೆ ಮನಸ್ಸು ತೆಪ್ಪಗಾಗುತ್ತದೆ. ಬ್ಯಾಂಕಿನಲ್ಲಿ ನಮಗಿದು ಹೊಸತಲ್ಲ. 'ನೋಡೋಣ' ಎಂದರೆ ಗ್ರಾಹಕ ಕೌಂಟರ್ ಬಿಟ್ಟು ಕದಲುವುದಿಲ್ಲ. 'ಗುರುವಾರ ಹನ್ನೊಂದಕ್ಕೆ ಬನ್ನಿ' ಎಂದರೆ ಸಮಾಧಾನದಿಂದ ಹೊರಡುತ್ತಾನೆ.

ಆದರೆ ಚೀಟಿ ಬರೆಯುವ ಮುನ್ನ ಒಂದು ಕ್ಷಣ ಅನುಮಾನಿಸಬೇಕು. ಬಂದದ್ದು ಹೊಸ ಕಥೆಯೋ, ಈ ಕಥೆಯಲ್ಲೇ ಕಾಣೆಯಾಗಿದ್ದ ಕಾಲೋ? ತಂತಿಯ ಕಥೆ ಆರನೆಯ ಪುಟದಲ್ಲಿ ನಿಂತಾಗ ನನಗೊಂದು 'ಹೊಸ' ಎಳೆ ಬಂದಿತ್ತು. ನನ್ನ ಕೌಂಟರಿಗೆ ತಿಂಗಳಿಗೊಮ್ಮೆ ಒಬ್ಬ ಮುದುಕಿ ಪಾಸ್‌ಬುಕ್ ಹಿಡಿದು ಬರುತ್ತಿದ್ದಳು. ಮಗ ಹಣ ಹಾಕಿದ್ದಾನೋ ನೋಡಬೇಕು. ಹಾಕಿರುತ್ತಿರಲಿಲ್ಲ. ಏನೂ ಅಚ್ಚಾಗದೆ ಹೊರಬಂದ ಪುಸ್ತಕವನ್ನು ಸೆರಗಿನಿಂದ ಒರೆಸಿ, ಮಡಿಸಿ, 'ಮೆಷಿನ್ ಕೆಟ್ಟಿರಬೇಕು' ಎಂದು ನಗುತ್ತಾ ಹೋಗುತ್ತಿದ್ದಳು. ಪ್ರತ್ಯೇಕ ಕಥೆ ಎಂದೇ ಚೀಟಿ ಬರೆದೆ. ಎರಡು ವಾರ ಬಿಟ್ಟು, ಬಟ್ಟೆ ಒಣಹಾಕುವಾಗ ತಿಳಿಯಿತು: ಮಜ್ಜಿಗೆ ಕೊಟ್ಟು ಸುದ್ದಿಯನ್ನು ತಡೆಯುವವಳೂ, ಬಾರದ ಸುದ್ದಿಗಾಗಿ ಸಾಲಿನಲ್ಲಿ ನಿಲ್ಲುವವಳೂ ಒಬ್ಬಳೇ, ನಡುವೆ ನಲವತ್ತು ವರ್ಷ ಕಳೆದಿದೆ. ನಿವೃತ್ತನಾಗುವ ನೌಕರನನ್ನು ಹೊಡೆದುಹಾಕಿದೆ. ಕಥೆ ಎದ್ದು ನಡೆಯಿತು.

ಈ ಮದುವೆ ಎಲ್ಲ ಸಲವೂ ಕೂಡಿಬರುವುದಿಲ್ಲ. ಒಮ್ಮೆ ದೀಪಾವಳಿ ವಿಶೇಷಾಂಕಕ್ಕೆಂದು ಅವಸರದಲ್ಲಿ, ಕೈಯಲ್ಲಿದ್ದ ಎಳೆಗಳನ್ನೆಲ್ಲ ಒಂದೇ ಹೆಣಿಗೆಯಲ್ಲಿ ಸೇರಿಸಿ ಕಳುಹಿಸಿದ್ದೆ. ಸಂಪಾದಕರು ಸಜ್ಜನರು, ಕಾರಣ ಬರೆದು ಹಿಂದಿರುಗಿಸಿದರು: 'ಇದರಲ್ಲಿ ಮೂರು ಕಥೆಗಳಿವೆ. ದಯವಿಟ್ಟು ಯಾವುದಾದರೂ ಒಂದನ್ನು ಕಳುಹಿಸಿ.'

ವರ್ಷಕ್ಕೊಮ್ಮೆ ಕಳೆ ಕೀಳುತ್ತೇನೆ. ಅದೇ ಆಷಾಢದಲ್ಲಿ. ಭತ್ತದ ಮನೆಯವಳಾದ್ದರಿಂದ ಸಸಿಮಡಿಯ ಲೆಕ್ಕ ನನಗೆ ಗೊತ್ತು: ಮೂರು ನಾಲ್ಕು ವಾರದೊಳಗೆ ಕಿತ್ತು ನಾಟಿ ಮಾಡದಿದ್ದರೆ ಸಸಿ ಮಡಿಯಲ್ಲೇ ಬಲಿತು, ಆಮೇಲೆ ಗದ್ದೆಗೆ ಹೋದರೂ ಸರಿಯಾಗಿ ತೆಂಡೆ ಒಡೆಯುವುದಿಲ್ಲ. ಎಳೆಗಳೂ ಹಾಗೆ ಬಲಿಯುತ್ತವೆ. ಮೂರು ಆಷಾಢ ಕಂಡ ಚೀಟಿಯನ್ನು ಹರಿದುಹಾಕುತ್ತೇನೆ. ಚೂರುಗಳನ್ನು ಮಾತ್ರ ಇಟ್ಟುಕೊಳ್ಳುತ್ತೇನೆ, ಅವು ಬಲಿಯುವ ಜಾತಿಯಲ್ಲ. ಹರಿಯದೆ, ಬರೆಯದೆ ಉಳಿಸಿಕೊಂಡಿರುವ ಚೀಟಿ ಒಂದಿದೆ. ಅದು ನನ್ನ ಸೋದರಸಂಬಂಧಿಯೊಬ್ಬಳು ಆಸ್ಪತ್ರೆಯ ಬೆಂಚಿನ ಮೇಲೆ ಹೇಳಿಕೊಂಡದ್ದು. ನನಗೆ ಗೊತ್ತಿರುವ ಕಥೆಗಳಲ್ಲಿ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಅದು ನನ್ನದಲ್ಲ.

ಯಾವ ಆ್ಯಪ್ ಬಳಸುತ್ತೀರಿ ಎಂದೂ ಕೇಳುತ್ತಾರೆ. ಯಾವುದೂ ಇಲ್ಲ, ಉದ್ದನೆಯ ಲೆಕ್ಕದ ಪುಸ್ತಕ. ಜರ್ಮನಿಯ ಸಮಾಜಶಾಸ್ತ್ರಜ್ಞ ಲೂಮನ್ ಸುಮಾರು 90,000 ಚೀಟಿಗಳನ್ನು ಸಂಖ್ಯೆ ಹಾಕಿ ಪೆಟ್ಟಿಗೆಗಳಲ್ಲಿ ಇಟ್ಟಿದ್ದನ್ನು ಯಾರಾದರೂ ಕಣ್ಣರಳಿಸಿ ಹೇಳುತ್ತಾರೆ. ಅವನು ಕಟ್ಟುತ್ತಿದ್ದದ್ದು ಸಿದ್ಧಾಂತ. ಕಥೆಗಾರರು ಆ ವ್ಯವಸ್ಥೆಗೆ ಇಳಿದರೆ ಪೆಟ್ಟಿಗೆ ಜೋಡಿಸುವುದೇ ಉದ್ಯೋಗವಾಗುತ್ತದೆ. ಆಗಿರುವವರನ್ನು ನಾನು ಬಲ್ಲೆ.

ಕಮ್ಮಟದ ದಿನ ಚಹಾ ಮುಗಿಸಿ ಬಂದವಳು ಆ ಹುಡುಗನನ್ನು ಹುಡುಕಿ, ಪಟ್ಟಿಯಿಂದ ಯಾವುದಾದರೂ ಒಂದನ್ನು ಹೇಳು ಎಂದೆ. ಹನ್ನೆರಡನೆಯದನ್ನು ಹೇಳಿದ. ಸಾಧಾರಣ. ಹೇಳುತ್ತಾ ಮಧ್ಯೆ, 'ನಮ್ಮ ಅಪ್ಪ ಲಾರಿ ಮಾರಿದ ದಿನ ಕೀಲಿಕೈ ಕೊಟ್ಟರು, ಅದರ ಗೊಂಚಲಿನಲ್ಲಿದ್ದ ಹನುಮಂತನನ್ನು ಮಾತ್ರ ಬಿಚ್ಚಿ ಜೇಬಿಗೆ ಹಾಕಿಕೊಂಡರು' ಎಂದ, ಅದು ಲೆಕ್ಕಕ್ಕೇ ಇಲ್ಲದ ಮಾತು ಎಂಬಂತೆ. ಅದು ಪಟ್ಟಿಯಲ್ಲಿ ಇದೆಯೇ ಎಂದು ಕೇಳಿದೆ. ಇರಲಿಲ್ಲ. ಅದನ್ನು ಬರಿ, ಮುಗಿಯುವ ತನಕ ಮೊಬೈಲಿನ ಪಟ್ಟಿ ತೆರೆಯಬೇಡ ಎಂದೆ.

ನಾಲ್ಕು ತಿಂಗಳ ಮೇಲೆ ಅವನಿಂದ ಸಂದೇಶ ಬಂತು. "ಮೇಡಂ, ಕಥೆ ಮುಗಿಯಿತು, ಹನ್ನೊಂದು ಪುಟ. ಬರೆಯುವಾಗ ಇನ್ನೂ ಮೂರು ಹೊಳೆದವು. ಈಗ ಪಟ್ಟಿಯಲ್ಲಿ ಒಟ್ಟು ನಲವತ್ತಮೂರು."