ರೇಡಿಯೇಷನ್ ಟೈಮಲ್ಲಿ ಅಪ್ಪನಿಗೆ ಊಟಕ್ಕೆ ಏನು ಕೊಟ್ರಿ?

ಅಪ್ಪನಿಗೆ ನಾಲಗೆಯ ಕ್ಯಾನ್ಸರ್‌ಗೆ ರೇಡಿಯೇಷನ್ ಆಗಿದ್ದು ಗೊತ್ತಿರುವವರು ಈಗಲೂ ಫೋನ್ ಮಾಡುತ್ತಾರೆ. ಅವರ ಮನೆಯಲ್ಲೂ ಯಾರಿಗೋ ಬಾಯಿಗೋ ಗಂಟಲಿಗೋ ಟ್ರೀಟ್‌ಮೆಂಟ್ ಶುರುವಾಗಿರುತ್ತದೆ. ಎಲ್ಲರೂ ಕೇಳುವುದು ಇದನ್ನೇ.

ಊಟದ ವಿಷಯ ಹೇಳುತ್ತೇನೆ. ಆದರೆ ಮೊದಲು ಬಾಯಿ ನೋಡಿಕೊಳ್ಳಿ. ಬಾಯಿ ಉರಿಯುತ್ತಿದ್ದರೆ ನೀವು ಏನು ಮಾಡಿಟ್ಟರೂ ತಟ್ಟೆಯಲ್ಲೇ ಉಳಿಯುತ್ತದೆ.

ರೇಡಿಯೇಷನ್ ಸಾಮಾನ್ಯವಾಗಿ ವಾರಕ್ಕೆ 5 ದಿನದ ಹಾಗೆ 6–7 ವಾರ ಕೊಡುತ್ತಾರೆ. ಮೊದಲ ವಾರ ಅಂಥದ್ದೇನೂ ಗೊತ್ತಾಗುವುದಿಲ್ಲ. ಎರಡು-ಮೂರನೇ ವಾರದಿಂದ ಹುಣ್ಣು ಏಳುತ್ತದೆ, ರುಚಿ ಹೋಗುತ್ತದೆ, ಜೊಲ್ಲು ಅಂಟಂಟಾಗುತ್ತದೆ.

ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ಬಾಟಲಿಯಲ್ಲಿ ಇಡುತ್ತಿದ್ದೆವು. ಎಚ್ಚರ ಇದ್ದಾಗ ಎರಡು ಗಂಟೆಗೊಮ್ಮೆ ಅದರಲ್ಲಿ ಬಾಯಿ ಮುಕ್ಕಳಿಸಿ ಉಗಿಯಬೇಕು. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡವೇ ಬೇಡ. ಡಾಕ್ಟರ್ ಬರೆದ ನೋವಿನ ಔಷಧಿ ಊಟಕ್ಕೆ ಅರ್ಧ ಗಂಟೆ ಮೊದಲೇ ಕೊಡುತ್ತಿದ್ದೆವು. ಇದಾದ ಮೇಲೆಯೇ ಊಟ: ಸೋಸಿದ ತೆಳು ರಾಗಿ ಗಂಜಿ, ಮೇಲೆ ಒಂದು ಚಮಚ ತುಪ್ಪ. ಇಲ್ಲವಾದರೆ ಹೆಸರುಬೇಳೆ ಜೊತೆ ಅನ್ನವನ್ನು ಮೆತ್ತಗೆ ಬೇಯಿಸಿ, ಮಿಕ್ಸಿಗೆ ಹಾಕಿ, ಪೂರ್ತಿ ಆರಿಸಿ. ಖಾರ ಬೇಡ, ಬಿಸಿ ಬೇಡ, ಹುಳಿ ಮೊಸರೂ ಉರಿಯುತ್ತದೆ. ಒಂದೇ ಸಲ ಜಾಸ್ತಿ ಕೊಡದೆ ಸ್ವಲ್ಪ ಸ್ವಲ್ಪ ಕೊಡಿ.

ಹೊಟ್ಟೆಗೆ ಊಟ ಕೊಡಲು ಮೂಗಿಗೆ ಪೈಪ್ ಹಾಕೋಣ ಎಂದು ಡಾಕ್ಟರ್ ಹೇಳಿದರೆ ಎಲ್ಲ ಮುಗೀತು ಅಂದುಕೊಳ್ಳಬೇಡಿ. ತೂಕ ಇಳಿದು, ಸುಸ್ತಾಗಿ, ಮಧ್ಯದಲ್ಲಿ ರೇಡಿಯೇಷನ್ ನಿಲ್ಲಿಸುವುದು ಪೈಪಿಗಿಂತ ದೊಡ್ಡ ತೊಂದರೆ. ಆದರೆ ಪೈಪ್ ಇದೆ ಅಂತ ನುಂಗುವುದನ್ನೇ ಬಿಟ್ಟರೆ ಗಂಟಲಿನ ಸ್ನಾಯು ಬಿಗಿದುಕೊಳ್ಳುತ್ತದೆ. ಡಾಕ್ಟರ್ ಬೇಡ ಅನ್ನದಿದ್ದರೆ ದಿನಾ ಒಂದೊಂದು ಗುಟುಕು ನೀರು ನುಂಗಿಸಿ. ಬಾಯಿ ಅಗಲಿಸುವ ವ್ಯಾಯಾಮವನ್ನೂ ಬಿಡಬೇಡಿ. ಹಲ್ಲುಗಳ ನಡುವೆ ಅವರದೇ ಮೂರು ಬೆರಳು ಒಂದರ ಮೇಲೊಂದು ಹಿಡಿಸುತ್ತವಾ ಅಂತ ಆಗಾಗ ನೋಡಿ. ಹಿಡಿಸದಿದ್ದರೆ ಡಾಕ್ಟರಿಗೆ ಹೇಳಿ. ಬಾಯಲ್ಲಿ ಬಿಳಿ ಪದರ ಕಂಡರೂ ಹೇಳಿ. ಜ್ವರ ಬಂದರೆ, ನೀರೂ ಇಳಿಯದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ.

"ಮುಗೀತಲ್ಲ, ಇನ್ನೂ ಯಾಕೆ ಊಟ ಮಾಡ್ತಿಲ್ಲ?" ಅಂತ ನೆಂಟರು ಕೇಳುತ್ತಾರೆ. ದಯವಿಟ್ಟು ರೋಗಿಯ ಮುಂದೆ ಹಾಗೆ ಕೇಳಬೇಡಿ. ಕೊನೆಯ ಸಿಟ್ಟಿಂಗ್ ಆದ ಮೇಲಿನ ಒಂದೆರಡು ವಾರ ನೋವು ಇನ್ನೂ ಜಾಸ್ತಿ ಆಗಬಹುದು. ಹುಣ್ಣು ಮಾಯಲು ವಾರಗಳು ಬೇಕು, ರುಚಿ ಬರಲು ತಿಂಗಳುಗಳೇ ಬೇಕು. ಜೊಲ್ಲು ಕೆಲವರಿಗೆ ಪೂರ್ತಿ ವಾಪಸ್ ಬರುವುದೇ ಇಲ್ಲ. ಅಪ್ಪ ಇವತ್ತಿಗೂ ಚಪಾತಿಯನ್ನು ಸಾರಿನಲ್ಲಿ ನೆನೆಸಿಯೇ ತಿನ್ನುವುದು.

ಇನ್ನೊಂದು ವಿಷಯ, ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ರೇಡಿಯೇಷನ್ ಶುರುವಾಗುವ ಮೊದಲೇ ಹಲ್ಲು ತೋರಿಸಿ. ಜೊಲ್ಲು ಕಡಿಮೆಯಾದರೆ ಹಲ್ಲು ಬೇಗ ಹುಳುಕಾಗುತ್ತದೆ. ಆಮೇಲೆ ಕೀಳಿಸಿದರೆ, ರೇಡಿಯೇಷನ್ ಬಿದ್ದ ದವಡೆ ಮೂಳೆ ಮಾಯದೇ ಇರಬಹುದು. ಎಷ್ಟು ವರ್ಷ ಕಳೆದಿದ್ದರೂ ಸರಿ, ಹಲ್ಲಿನ ಡಾಕ್ಟರ್ ಹತ್ತಿರ ಹೋದಾಗ ಮೊದಲು ಹೇಳಬೇಕಾದ್ದು ರೇಡಿಯೇಷನ್ ವಿಷಯ.