ಮೂಳೆಗಿಂತ ಲದ್ದಿ ಇಷ್ಟವಾದ ದಿನ

ಮ್ಯೂಸಿಯಂನಲ್ಲಿ ಗಾಜಿನ ಹಿಂದೆ ನಮಗೆ ಕಾಣುವುದು ಸ್ವಲ್ಪವೇ. ಉಳಿದಿದ್ದೆಲ್ಲ ಒಳಗಿನ ಉಗ್ರಾಣದಲ್ಲಿ, ಕಬ್ಬಿಣದ ಕಪಾಟುಗಳ ಟ್ರೇಗಳಲ್ಲಿ ಮಲಗಿರುತ್ತದೆ. ಅಂಥ ಒಂದು ಉಗ್ರಾಣದಲ್ಲಿ ಹಳೆಯ ಪಳೆಯುಳಿಕೆಗಳನ್ನು ಹೊಸ ಟ್ರೇಗಳಿಗೆ ಸಾಗಿಸುವ ಕೆಲಸವಿತ್ತು. ಸಂಬಳವಿಲ್ಲ, ಆಸಕ್ತಿ ಇದ್ದವರು ಬರಬಹುದು ಅಂದಿದ್ದರು. ಹೋದೆ. ಕಲ್ಲನ್ನು ಎತ್ತಬೇಕು, ಬ್ರಶ್‌ನಿಂದ ಧೂಳು ತೆಗೆಯಬೇಕು, ಹಳೆಯ ಚೀಟಿಯಲ್ಲಿರುವುದನ್ನು ಹೊಸ ಚೀಟಿಗೆ ಬರೆಯಬೇಕು, ರಿಜಿಸ್ಟರ್‌ನಲ್ಲಿ ಗುರುತು ಹಾಕಬೇಕು. ಅಷ್ಟೇ.

ಸಂಗ್ರಹ ನೋಡಿಕೊಳ್ಳುವ ಮೇಡಂ ಭೂವಿಜ್ಞಾನಿ. ಮಾತು ಕಡಿಮೆ. ಏನಾದರೂ ಕೇಳಿದರೆ ಮೊದಲು ಒಂದು ಕಲ್ಲನ್ನು ಕೈಗೆ ಕೊಡುತ್ತಾರೆ, ಆಮೇಲೆ ಉತ್ತರ. ಶುರುವಿನಲ್ಲೇ ಒಂದು ಎಚ್ಚರಿಕೆ ಕೊಟ್ಟರು. ಚೀಟಿಯೂ ಕಲ್ಲೂ ಒಂದನ್ನೊಂದು ಬಿಡಬಾರದು. ಎಲ್ಲಿ ಸಿಕ್ಕಿತು, ಯಾವ ಪದರದಲ್ಲಿ ಸಿಕ್ಕಿತು ಅನ್ನುವುದು ಕಳೆದುಹೋದರೆ ಅದು ಬರೀ ಚಂದದ ಕಲ್ಲು.

ನಾನು ಕಾಯುತ್ತಿದ್ದದ್ದು ಮೂಳೆಗಳಿಗೆ. ಆದರೆ ಬೆಳಿಗ್ಗೆಯಿಡೀ ಬಂದದ್ದು ಚಿಪ್ಪು, ಚಿಪ್ಪು, ಮತ್ತೆ ಚಿಪ್ಪು. ಕಪಾಟಿನ ಮೇಲೆ ಕಪಾಟು. ಮೂಳೆ ಎಷ್ಟಿದೆ ಅಂದರೆ ಮೂಲೆಯ ಒಂದು ಸಣ್ಣ ಕಪಾಟು ತೋರಿಸಿದರು. ಯಾಕೆ ಹೀಗೆ ಅಂತ ಕೇಳಿದೆ.

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಸತ್ತ ಪ್ರಾಣಿಗೆ ಸಾಮಾನ್ಯವಾಗಿ ಉಳಿಯುವ ಯೋಗವಿಲ್ಲ. ಮಾಂಸ ತಿನ್ನುವವರು ಬರುತ್ತಾರೆ, ಹುಳ ಬರುತ್ತದೆ, ಬ್ಯಾಕ್ಟೀರಿಯಾ ಕೊಳೆಸುತ್ತದೆ. ಮೂಳೆಯೂ ಬಿಸಿಲು ಮಳೆಗೆ ಸೀಳಿ ಪುಡಿಯಾಗುತ್ತದೆ. ಇದೆಲ್ಲ ಮುಗಿಯುವ ಮೊದಲೇ ಅದನ್ನು ಹೂಳು ಮುಚ್ಚಬೇಕು. ಕೆಸರು, ಮರಳು, ಜ್ವಾಲಾಮುಖಿಯ ಬೂದಿ, ಯಾವುದಾದರೂ ಸರಿ, ಆದರೆ ಬೇಗ. ಗಾಳಿ ತಾಗದಿದ್ದರೆ ಇನ್ನೂ ಒಳ್ಳೆಯದು. ಆಮೇಲೆ ಪದರದ ಮೇಲೆ ಪದರ ಕೂತು, ಕೆಳಗಿನದು ಒತ್ತಿ ಒತ್ತಿ ಕಲ್ಲಾಗುತ್ತದೆ. ಆ ಕಲ್ಲು ತೀರಾ ಆಳಕ್ಕೆ ಇಳಿದು ಬೇಯಬಾರದು. ಬೆಂದರೆ ಗುರುತೆಲ್ಲ ಅಳಿಸಿಹೋಗುತ್ತದೆ. ಕೊನೆಗೆ ನೆಲ ಮೇಲೆದ್ದು, ಮಳೆ ಗಾಳಿ ಸವೆಸಿ, ಅದು ಹೊರಗೆ ಕಾಣಬೇಕು. ಪೂರ್ತಿ ಸವೆದುಹೋಗುವ ಮೊದಲು ಯಾರಾದರೂ ಅತ್ತ ಹೋಗಬೇಕು.

ಹೂಳು ಸದಾ ಕೂರುವುದು ಎಲ್ಲಿ? ಸಮುದ್ರದ ತಳದಲ್ಲಿ. ಗಟ್ಟಿ ಹೊದಿಕೆ ಹೊತ್ತು ಅಲ್ಲೇ ಬದುಕುವುದು ಯಾವುದು? ಚಿಪ್ಪಿನ ಪ್ರಾಣಿ. ಹಾಗಾಗಿ ಕಪಾಟು ತುಂಬ ಅವೇ. ಬೆಟ್ಟದ ಮೇಲೆ ಬದುಕಿ ಅಲ್ಲೇ ಸತ್ತ ಪ್ರಾಣಿಗೆ ಈ ಕೋಣೆಯಲ್ಲಿ ಜಾಗವಿಲ್ಲ. ಅದು ಎಷ್ಟೇ ದೊಡ್ಡದಾಗಿದ್ದರೂ, ಎಷ್ಟೇ ಸಂಖ್ಯೆಯಲ್ಲಿದ್ದರೂ ಅಷ್ಟೇ. ಪಳೆಯುಳಿಕೆಗಳು ಜೀವಿಗಳ ಇತಿಹಾಸ ಅಂತ ಓದಿದ್ದೆ. ಅವತ್ತಿನಿಂದ ನನಗೆ ಅವು ಹೂಳಿನ ಇತಿಹಾಸದ ಹಾಗೆ ಕಾಣುತ್ತಿವೆ.

ಚಿಪ್ಪುಗಳ ಟ್ರೇ ಬೋರ್ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಹಾಗನ್ನಿಸಲಿಲ್ಲ. ಯಾಕೆಂದರೆ ಅವುಗಳಲ್ಲಿ ಎಷ್ಟೋ ಚಿಪ್ಪುಗಳೇ ಅಲ್ಲ. ಸುರುಳಿ ಸುತ್ತಿದ ಒಂದು ಅಮೊನೈಟ್ ಕೈಯಲ್ಲಿತ್ತು. ಡೈನೋಸಾರ್‌ಗಳ ಜೊತೆಗೇ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಅಳಿದುಹೋದ ಸಮುದ್ರಜೀವಿ ಅದು. ಅದರ ಚಿಪ್ಪು ನೆಲದ ನೀರಿನಲ್ಲಿ ಯಾವಾಗಲೋ ಕರಗಿಹೋಗಿತ್ತು. ಹೊರಗಿನ ಕಲ್ಲಿನಲ್ಲಿ ಅದರ ಮೈಯ ಗುರುತು ಉಳಿದಿತ್ತು. ಸಾಬೂನಿಗೆ ಒತ್ತಿ ತೆಗೆದ ಬೀಗದ ಕೈಯ ಗುರುತಿನ ಹಾಗೆ. ಅದು ಅಚ್ಚು. ಆ ಖಾಲಿ ಜಾಗಕ್ಕೆ ನೀರಿನಲ್ಲಿ ಬಂದ ಖನಿಜ ತುಂಬಿಕೊಂಡರೆ ಚಿಪ್ಪಿನದೇ ಆಕಾರದ ಇನ್ನೊಂದು ವಸ್ತು ಸಿಗುತ್ತದೆ. ಅದು ಎರಕ. ಮೂರನೆಯದು ಇನ್ನೂ ಮಜಾ. ಚಿಪ್ಪು ಕರಗುವ ಮೊದಲೇ ಒಳಗೆ ಕೆಸರು ಹೊಕ್ಕು ಗಟ್ಟಿಯಾಗಿರುತ್ತದೆ. ಆಗ ನಾವು ಹಿಡಿದಿರುವುದು ಚಿಪ್ಪಿನ ಒಳಗಿನ ಖಾಲಿತನ. ಅಮೊನೈಟ್ ಮೇಲೆ ಎಲೆಯ ಅಂಚಿನಂಥ ನವಿರಾದ ಗೆರೆಗಳಿರುತ್ತವಲ್ಲ, ಅವು ಕಾಣುವುದೇ ಹೀಗೆ ಹೊರಚಿಪ್ಪು ಹೋದಾಗ. ಕೋಣೆ ಕೋಣೆಯಾಗಿ ಬೆಳೆಯುತ್ತಿದ್ದ ಪ್ರಾಣಿಯ ಒಳಗೋಡೆಗಳು ಚಿಪ್ಪಿಗೆ ಸೇರುತ್ತಿದ್ದ ಜಾಗ ಅದು. ಹೊರಗಿನಿಂದ ನೋಡಿದವರಿಗೆ ಅದು ಕಾಣುತ್ತಲೇ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೂಳೆಯ ಕಪಾಟು ತೆರೆದರು. ಎರಡು ತುಂಡು ಕೈಗಿತ್ತು, ಯಾವುದು ಮೂಳೆ ಹೇಳಿ ಅಂದರು. ಎರಡೂ ಕಂದು, ಎರಡೂ ಭಾರ. ಆಮೇಲೆ ನಾಲಿಗೆಗೆ ತಾಗಿಸಿ ನೋಡಬಹುದು ಅಂದರು. ತಮಾಷೆ ಅಲ್ಲ, ಹೊರಗೆ ಬಯಲಿನಲ್ಲಿ ಎಷ್ಟೋ ಭೂವಿಜ್ಞಾನಿಗಳು ಹೀಗೇ ಮಾಡುತ್ತಾರಂತೆ. ಮೂಳೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುವುದರಿಂದ ಅದು ನಾಲಿಗೆಗೆ ಅಂಟಿಕೊಳ್ಳುತ್ತದೆ. ಸಾಮಾನ್ಯ ಕಲ್ಲು ಹಾಗೆ ಅಂಟುವುದಿಲ್ಲ. ಒಂದು ಅಂಟಿತು. ಕೋಟ್ಯಂತರ ವರ್ಷ ಹಳೆಯ ಪ್ರಾಣಿ ನನ್ನ ನಾಲಿಗೆ ಹಿಡಿದುಕೊಂಡಿತ್ತು!

ಈ ರಂಧ್ರಗಳೇ ಮೂಳೆ ಕಲ್ಲಾಗುವುದಕ್ಕೂ ಕಾರಣ. ನೆಲದ ನೀರು ಅವುಗಳೊಳಗೆ ಹರಿಯುತ್ತದೆ. ಅದರಲ್ಲಿ ಕರಗಿದ ಸಿಲಿಕಾ, ಕ್ಯಾಲ್ಸೈಟ್, ಕೆಲವೆಡೆ ಪೈರೈಟ್‌ನಂಥ ಖನಿಜಗಳು ಒಳಗೆ ಕೂರುತ್ತವೆ. ಮೂಳೆಯ ಮೂಲ ವಸ್ತು ಎಷ್ಟೋ ಸಲ ಹಾಗೇ ಉಳಿದಿರುತ್ತದೆ, ಸಂದುಗಳು ಮಾತ್ರ ತುಂಬಿರುತ್ತವೆ. ಭಾರ ಬರುವುದು ಅದರಿಂದ. ಮರಕ್ಕೂ ಇದೇ ಆಗುತ್ತದೆ. ಕಲ್ಲಾದ ಮರದ ಒಂದು ತೆಳು ಬಿಲ್ಲೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ತೋರಿಸಿದರು. ವರ್ಷದ ಉಂಗುರಗಳು, ನೀರು ಏರುತ್ತಿದ್ದ ಕೊಳವೆಗಳು, ಒಂದೊಂದು ಕೋಶದ ಗೋಡೆ, ಎಲ್ಲ ಇತ್ತು. ಜ್ವಾಲಾಮುಖಿಯ ಬೂದಿ ಬಿದ್ದ ಕಡೆ ನೀರಿನಲ್ಲಿ ಸಿಲಿಕಾ ಜಾಸ್ತಿ ಇರುತ್ತದೆ, ಅಂಥಲ್ಲಿ ಹೀಗಾಗುವುದು ಹೆಚ್ಚು. ಕೆಂಪು, ಹಳದಿ ಬಣ್ಣವೆಲ್ಲ ಕಬ್ಬಿಣದ್ದು.

ಎಲೆಗಳ ಕತೆ ಬೇರೆ. ಅವು ಒತ್ತಡಕ್ಕೆ ಸಿಕ್ಕಿ, ನೀರು ಮತ್ತು ಅನಿಲವೆಲ್ಲ ಹೊರಟುಹೋಗಿ, ಕೊನೆಗೆ ಇಂಗಾಲದ ಒಂದು ಕಪ್ಪು ಪೊರೆಯಾಗಿ ಉಳಿಯುತ್ತವೆ. ಈ ಟ್ರೇಯಲ್ಲಿ ಒಂದು ಕಲ್ಲಿನ ಮೇಲೆ ಬಹಳ ಚಂದದ ಜರೀಗಿಡ ಇತ್ತು. ಎಲ್ಲಕ್ಕಿಂತ ಚಂದ. ಚೀಟಿಯಲ್ಲಿ ಯಾರೋ ಹಿಂದಿನವರು ಗಿಡದ ಹೆಸರು ಬರೆದಿದ್ದರು, ಇನ್ಯಾರೋ ಅದನ್ನು ಹೊಡೆದುಹಾಕಿ ‘ಡೆಂಡ್ರೈಟ್’ ಅಂತ ಬರೆದಿದ್ದರು. ಅದು ಗಿಡವೇ ಅಲ್ಲ. ಕಲ್ಲಿನ ಬಿರುಕಿಗೆ ನೀರು ಇಳಿದಾಗ ಮ್ಯಾಂಗನೀಸ್ ಖನಿಜ ಹೀಗೆ ಕವಲೊಡೆದು ಹರಡುತ್ತದೆ. ನಿಜವಾದ ಎಲೆಗಳು ಹರಿದಿರುತ್ತವೆ, ಮಡಚಿರುತ್ತವೆ, ಅರ್ಧವೇ ಇರುತ್ತವೆ. ಅಷ್ಟು ಪೂರ್ತಿಯಾಗಿ ಕಂಡರೆ ಅನುಮಾನ ಪಡಿ ಅಂದರು ಮೇಡಂ.

ಮರದ ರಾಳ ಗಟ್ಟಿಯಾಗಿ ಆದ ಅಂಬರ್ ಒಂದಷ್ಟಿತ್ತು, ಒಳಗೆ ಸೊಳ್ಳೆಯಂಥ ಹುಳ. ಸಿನಿಮಾದಲ್ಲಿ ತೋರಿಸಿದ ಹಾಗೆ ಅದು ಕುಡಿದ ರಕ್ತದಿಂದ ಡೈನೋಸಾರ್ ಮತ್ತೆ ಹುಟ್ಟಿಸುವ ಆಸೆ ಬೇಡ. ಡಿಎನ್‌ಎ ಅಷ್ಟು ಕಾಲ ಬಾಳುವುದಿಲ್ಲ. 2022ರಲ್ಲಿ ಗ್ರೀನ್‌ಲ್ಯಾಂಡ್‌ನ ಹೆಪ್ಪುಗಟ್ಟಿದ ಹೂಳಿನಿಂದ ಓದಿದ ಡಿಎನ್‌ಎ ಸುಮಾರು 20 ಲಕ್ಷ ವರ್ಷ ಹಳೆಯದು, ಅದೇ ದೊಡ್ಡ ಸುದ್ದಿಯಾಗಿತ್ತು. ಹಿಮದಲ್ಲಿ ಕೂದಲು, ಚರ್ಮ ಸಮೇತ ಸಿಗುವ ಮ್ಯಾಮತ್‌ಗಳೂ (ಅಳಿದುಹೋದ, ಆನೆಯ ಬಂಧುಗಳು) ಪಳೆಯುಳಿಕೆಗಳೇ. ಆದರೆ ಅವಕ್ಕೆ ಫ್ರೀಜರ್ ಬೇಕು, ನಮ್ಮ ಕೋಣೆಯಲ್ಲಿ ಇರಲಿಲ್ಲ.

ಟ್ರೈಲೋಬೈಟ್ ಟ್ರೇ ಬಂದಾಗ ನನ್ನ ಮನಸ್ಸು ಬೇರೆ ಕಡೆ ತಿರುಗಿತು. ಎಂದೋ ಅಳಿದುಹೋದ ಸಮುದ್ರಜೀವಿಗಳು ಅವು. ಎಷ್ಟೊಂದು ಸತ್ತಿವೆ ಅಂದೆ. ಇದರಲ್ಲಿ ಎಷ್ಟೋ ಸತ್ತೇ ಇಲ್ಲ ಅಂದರು ಮೇಡಂ. ಟ್ರೈಲೋಬೈಟ್ ಬೆಳೆಯುವಾಗ ಮೈಮೇಲಿನ ಗಟ್ಟಿ ಹೊದಿಕೆ ಕಳಚಿ ಹೋಗುತ್ತಿತ್ತು. ಸಿಗುವ ಪಳೆಯುಳಿಕೆಗಳಲ್ಲಿ ಬಹಳಷ್ಟು ಆ ಬಿಟ್ಟ ಹೊದಿಕೆಗಳು. ಒಂದೇ ಪ್ರಾಣಿ ಹಲವು ಪಳೆಯುಳಿಕೆ ಬಿಟ್ಟು, ತಾನು ಮುಂದೆ ನಡೆದುಹೋಗಿರಬಹುದು. ಅಂದರೆ ಪಳೆಯುಳಿಕೆಗೆ ಸಾವು ಬೇಕೇ ಬೇಕು ಅಂತೇನಿಲ್ಲ, ಅಲ್ವಾ?

ಅದಾದ ಮೇಲಿನ ಕಪಾಟು ಪೂರ್ತಿ ಅಂಥದ್ದೇ. ಹೆಜ್ಜೆ ಗುರುತು, ಬಿಲ, ಹುಳ ತೆವಳಿದ ಗೆರೆ, ಲದ್ದಿ. ದೇಹದ ಒಂದು ಚೂರೂ ಇಲ್ಲ, ಬದುಕಿದ ಗುರುತು ಮಾತ್ರ.

ಲದ್ದಿಯ ಕಲ್ಲಿಗೆ ಕೋಪ್ರೊಲೈಟ್ ಅನ್ನುತ್ತಾರೆ. ಹೆಸರಿಟ್ಟವರು ಇಂಗ್ಲೆಂಡಿನ ಭೂವಿಜ್ಞಾನಿ ವಿಲಿಯಂ ಬಕ್‌ಲ್ಯಾಂಡ್, 1829ರಲ್ಲಿ. ಆದರೆ ಇಂಗ್ಲೆಂಡಿನ ಲೈಮ್ ರೀಜಿಸ್ ಕಡಲ ದಂಡೆಯಲ್ಲಿ ಪಳೆಯುಳಿಕೆ ಹುಡುಕುತ್ತಿದ್ದ ಮೇರಿ ಆನಿಂಗ್ ಮೊದಲೇ ಒಂದು ವಿಷಯ ಗಮನಿಸಿದ್ದರು. ಈ ವಿಚಿತ್ರ ಕಲ್ಲುಗಳು ಇಕ್ತಿಯೋಸಾರ್ ಎಂಬ ಸಮುದ್ರದ ಸರೀಸೃಪಗಳ ಹೊಟ್ಟೆಯ ಜಾಗದಲ್ಲೇ ಸಿಗುತ್ತವೆ, ಒಡೆದರೆ ಒಳಗೆ ಮೀನಿನ ಮೂಳೆ, ಹುರುಪೆ ಇರುತ್ತವೆ ಅಂತ. ಕೈಯಲ್ಲಿ ಹಿಡಿದರೆ ವಾಸನೆ ಇಲ್ಲ, ಅಸಹ್ಯವೂ ಇಲ್ಲ. ಸುಮ್ನೆ ಒಂದು ಒರಟು ಉಂಡೆ.

ಈ ಒರಟು ಉಂಡೆಗೆ ಎಷ್ಟು ಶಕ್ತಿ ಇದೆ ಅಂದರೆ, ಮಹಾರಾಷ್ಟ್ರದ ಪಿಸ್ದುರಾ ಎಂಬಲ್ಲಿ ಸಿಕ್ಕ ಡೈನೋಸಾರ್ ಲದ್ದಿ ಪಠ್ಯಪುಸ್ತಕವನ್ನೇ ತಿದ್ದಿಸಿತು. ಹುಲ್ಲು ಹರಡಿದ್ದು ಡೈನೋಸಾರ್‌ಗಳ ಕಾಲ ಮುಗಿದ ಮೇಲೆ ಅಂತ ವಿಜ್ಞಾನಿಗಳು ನಂಬಿದ್ದರು. 2005ರಲ್ಲಿ ಈ ಲದ್ದಿಯೊಳಗೆ ಹುಲ್ಲಿನ ಕೋಶಗಳಲ್ಲಿ ಇರುವ ಸಿಲಿಕಾದ ಸೂಕ್ಷ್ಮ ಕಣಗಳು ಸಿಕ್ಕವು. ಅದೂ ಒಂದಲ್ಲ, ಹಲವು ಬಗೆಯ ಹುಲ್ಲು. ಅಂದರೆ ಟೈಟನೋಸಾರ್ ಎಂಬ ಉದ್ದ ಕತ್ತಿನ ದೈತ್ಯ ಡೈನೋಸಾರ್‌ಗಳು ಹುಲ್ಲು ಮೇಯ್ದಿದ್ದವು. ಎಷ್ಟು ಮೂಳೆ ಅಗೆದಿದ್ದರೂ ಇದು ಗೊತ್ತಾಗುತ್ತಿರಲಿಲ್ಲ.

ಹೆಜ್ಜೆಯ ಕತೆಯೂ ಹಾಗೇ. ಟಾಂಜಾನಿಯಾದ ಲೇಟೋಲಿಯಲ್ಲಿ 1978ರಲ್ಲಿ ಪ್ರಾಚೀನ ಮಾನವರ ಗುರುತು ಹುಡುಕುತ್ತಿದ್ದ ಮೇರಿ ಲೀಕಿ ಅವರ ತಂಡಕ್ಕೆ ಎರಡು ಕಾಲಿನ ಮೇಲೆ ನೆಟ್ಟಗೆ ನಡೆದವರ ಸಾಲು ಹೆಜ್ಜೆಗಳು ಸಿಕ್ಕವು. ಸುಮಾರು 36 ಲಕ್ಷ ವರ್ಷ ಹಳೆಯವು. ಜ್ವಾಲಾಮುಖಿಯ ಬೂದಿ ಬಿದ್ದಿತ್ತು, ಮಳೆ ಬಂದು ನೆನೆಸಿತ್ತು, ಅದರ ಮೇಲೆ ಅವರು ನಡೆದರು, ಬೂದಿ ಗಟ್ಟಿಯಾಯಿತು, ಮತ್ತೆ ಬೂದಿ ಬಿದ್ದು ಮುಚ್ಚಿತು. ಅಲ್ಲಿ ಮಳೆ ಹನಿಗಳ ಗುರುತೂ ಉಳಿದಿದೆ. ಕಾಲಿನ ಮೂಳೆ ನೋಡಿ ‘ಇವರು ನಡೆದಿರಬಹುದು’ ಅಂತ ವಾದ ಮಾಡಬೇಕಾಗುತ್ತದೆ. ಇಲ್ಲಿ ನಡೆದೇ ತೋರಿಸಿದ್ದಾರೆ.

ರಿಜಿಸ್ಟರ್ ತುಂಬುವಾಗ ಒಂದು ತೊಡಕು. ‘ಪ್ರಾಣಿಯ ಹೆಸರು’ ಎಂಬ ಕಾಲಂನಲ್ಲಿ ಏನು ಬರೆಯುವುದು? ಹೆಜ್ಜೆ, ಬಿಲಗಳಿಗೆ ತಮ್ಮದೇ ವೈಜ್ಞಾನಿಕ ಹೆಸರಿರುತ್ತದೆ, ಅದು ಪ್ರಾಣಿಯದ್ದಲ್ಲ. ನೆಟ್ಟಗೆ ಇಳಿದ ಕೊಳವೆಯಂಥ ಬಿಲಕ್ಕೆ ಸ್ಕೋಲಿಥಾಸ್ ಅನ್ನುತ್ತಾರೆ, ತೋಡಿದ್ದು ಯಾರು ಅನ್ನುವುದು ಬೇರೆ ಪ್ರಶ್ನೆ. ಒಂದೇ ಪ್ರಾಣಿ ನಡೆದಾಗ ಒಂದು ಗುರುತು, ಕೂತಾಗ ಒಂದು, ತೋಡಿದಾಗ ಇನ್ನೊಂದು. ಗುರುತು ಬಿಟ್ಟವರು ಅದರ ಪಕ್ಕದಲ್ಲೇ ಸಿಗುವುದು ತೀರಾ ಅಪರೂಪ. ಜರ್ಮನಿಯ ಸೋಲ್ನ್‌ಹೋಫೆನ್ ಸುಣ್ಣಕಲ್ಲಿನಲ್ಲಿ ಅಂಥ ಒಂದಿದೆ. ಸುಮಾರು 15 ಕೋಟಿ ವರ್ಷಗಳ ಹಿಂದೆ ಒಂದು ಕುದುರೆಲಾಳ ಏಡಿ ಆಮ್ಲಜನಕವಿಲ್ಲದ ತಳಕ್ಕೆ ಬಿದ್ದು, ಎದ್ದು, 9.7 ಮೀಟರ್ ನಡೆದು ಸತ್ತಿತು. ಹೆಜ್ಜೆಗಳ ಸಾಲಿನ ತುದಿಯಲ್ಲಿ ಅದೇ ಇದೆ. ಅದರ ಫೋಟೊವನ್ನು ಮೇಡಂ ತೋರಿಸಿದರು. ನಮ್ಮ ಟ್ರೇಗಳಿಗೆ ಆ ಭಾಗ್ಯವಿಲ್ಲ, ಕಾಲಂ ಖಾಲಿ ಬಿಟ್ಟೆವು.

ಸಂಜೆ ಹೊರಡುವಾಗ ನನಗೆ ಇಷ್ಟವಾದದ್ದು ಲದ್ದಿ ಮತ್ತು ಹೆಜ್ಜೆ ಅಂದೆ. ಮೂಳೆ ಒಂದು ಸಾವನ್ನು ಹೇಳುತ್ತದೆ, ಇವು ಒಂದು ಮಾಮೂಲಿ ದಿನವನ್ನು ಹೇಳುತ್ತವೆ ಅಂತ ನನ್ನ ವಾದ. ಮೇಡಂ ಒಪ್ಪಲಿಲ್ಲ. ಅವರ ಓಟು ಅಮೊನೈಟ್‌ಗೆ. ಸ್ಕೋಲಿಥಾಸ್‌ನಂಥ ಬಿಲ 50 ಕೋಟಿ ವರ್ಷದ ಹಿಂದೆಯೂ ಹೀಗೇ, ಈಗಲೂ ಹೆಚ್ಚುಕಡಿಮೆ ಹೀಗೇ. ಅದರಿಂದ ಪದರದ ವಯಸ್ಸು ತಿಳಿಯುವುದಿಲ್ಲ. ಅಮೊನೈಟ್‌ಗಳು ಬೇಗ ಬೇಗ ರೂಪ ಬದಲಿಸಿದವು, ದೂರ ದೂರದ ಸಮುದ್ರಗಳಿಗೂ ಹರಡಿದವು. ಹಾಗಾಗಿ ಒಂದು ಜಾತಿ ಸಿಕ್ಕರೆ ಆ ಪದರ ಯಾವ ಕಾಲದ್ದು ಅಂತ ಹೇಳಬಹುದು. ಇಂಗ್ಲೆಂಡಿನಲ್ಲಿ ಕಾಲುವೆ ಅಗೆತದ ಸರ್ವೆ ಮಾಡುತ್ತಿದ್ದ ವಿಲಿಯಂ ಸ್ಮಿತ್ ಇಂಥ ಪಳೆಯುಳಿಕೆಗಳನ್ನು ನೋಡಿಯೇ ಪದರಗಳನ್ನು ಗುರುತಿಸಿ, 1815ರಲ್ಲಿ ಭೂವಿಜ್ಞಾನದ ದೊಡ್ಡ ನಕ್ಷೆ ಮಾಡಿದರು. ‘ನಿಮ್ಮ ಮಾಮೂಲಿ ದಿನ ಯಾವ ಕಾಲದ್ದು ಅಂತ ಬೇರೆ ಯಾರನ್ನಾದರೂ ಕೇಳಬೇಕಲ್ಲ’ ಅಂದರು.

ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಆದರೂ ನನ್ನ ಓಟು ಬದಲಾಗಿಲ್ಲ.